ಹೇಳಿದರೆ ಹತ್ತದ ಔಷಧ

ಮುರುಗೆಪ್ಪ ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಹೊರಳಿಸಿದ. ತುತ್ತನ್ನು ಬಾಯಿಯ ಹತ್ತಿರ ತಂದವನು ಹಾಗೇ ಗಂಗಾಳಕ್ಕೆ ಬಿಟ್ಟ.

"ಬ್ಯಾಡ ಗೌರಿ. ನೋಡಿದ್ರ ವಾಂತಿ ಬರತೈತಿ."

ಕ್ಷಯದ ಗುಳಿಗೆ ಸುರುವಾದ ಮೇಲೆ ಕೆಮ್ಮು ಇಳಿದಿತ್ತು, ಜ್ವರ ಬಿಟ್ಟಿತ್ತು. ಆದರೆ ಈಚೆಗೆ ಊಟ ಸೇರದು. ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಜೋಳದ ಚೀಲವನ್ನು ಒಬ್ಬನೇ ಎತ್ತಿ ಒಗೆಯುತ್ತಿದ್ದ ಗಂಡ ಈಗ ಗೋಡೆ ಹಿಡಿದು ನಡೆದರೆ ಗೌರಕ್ಕ ಹಿಂದೆಯೇ ಹೋಗುತ್ತಿದ್ದಳು.

ಆಗಲೇ ಭಾವನ ಮಗ ಬಸವಕಿರಣ ಹುಬ್ಬಳ್ಳಿಯಿಂದ ಒಂದು ಬಾಟಲಿ ತಂದ.

"ಕಾಕಾ, ಇದು ನೆಲನೆಲ್ಲಿ. ನಮ್ಮ ಹೊಲದ ಬದುವಿನ್ಯಾಗ ಬೆಳಿತೈತಲ್ಲ, ಅದ. ಆದ್ರ ಇದನ್ನ ನ್ಯಾನೋ ಮಾಡ್ಯಾರ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ. ಸೀದಾ ಲಿವರಿಗೆ ಹೋಗಿ ಕಾವಲು ಕುಂದರತೈತಿ."

"ಯಾರು ಹೇಳಿದ್ರಪಾ?" ಎಂದಳು ಬಾಜೂ ಮನೆಯ ಕಸ್ತೂರೆವ್ವ. ಅವಳೂ ಹಿಂದೊಮ್ಮೆ ಇದೇ ಗುಳಿಗೆ ನುಂಗಿ ಗುಣವಾದವಳು.

"ಅಂಗಡ್ಯಾವ. ಇಲಿಗೋಳಿಗೆ ಕೊಟ್ಟು ನೋಡ್ಯಾರಂತ. ಇಲಿ ಉಳದಾವು."

"ಇಲಿ ಉಳದಿದ್ದು ಛಲೋ ಆತು. ಅಣ್ಣಾರೇನು ಇಲಿ ಅದಾರೇನು?"

"ನಿಮ್ಮ ಗೌರಕ್ಕನ ಮುಂದ ನಾ ಇಲಿನ ಅಲ್ಲೇನ ತಂಗಿ?" ಮುರುಗೆಪ್ಪ ನಕ್ಕ.

ಕಸ್ತೂರೆವ್ವ ನಗಲಿಲ್ಲ. "ನನಗೂ ಹಿಂಗ ಆಗಿತ್ತು. ದವಾಖಾನಿಗೆ ಓಡಿದೆ. ರಕ್ತ ನೋಡಿ ಗುಳಿಗಿ ನಿಲ್ಲಿಸಿದ್ರು. ಲಿವರ್ ಸುಧಾರಿಸಿದ ಮ್ಯಾಲೆ ಒಂದೊಂದ ಮತ್ತ ಸುರು ಮಾಡಿದ್ರು. ಲಗೂ ನಡೀರಿ."

"ನಾಕ ದಿನ ನೋಡೂಣಂತ," ಎಂದ ಮುರುಗೆಪ್ಪ. ಅವಳು ಹೋದ ಮೇಲೆ ಹೆಂಡತಿಗೆ ಹೇಳಿದ: "ಈ ಬಾಟ್ಲಿ ಔಷಧ ಕುಡದ ನೋಡತೀನಿ. ದವಾಖಾನ್ಯಾವರ ಮುಂದ ಬಾಯಿ ಬಿಡಬ್ಯಾಡ."

ಗೌರಕ್ಕನಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಗಿಡಮೂಲಿಕೆ ಕುಡಿಯಲು ಹತ್ತಿದ ಮೇಲೆ ಅದರ ಹೆಸರು ಎತ್ತಬಾರದು, ಎತ್ತಿದರೆ ಮೈಗೆ ಹತ್ತುವುದಿಲ್ಲ ಎಂದು ಅವಳ ಅವ್ವ ಹೇಳುತ್ತಿದ್ದಳು, ಅವ್ವನ ಅವ್ವ ಹೇಳುತ್ತಿದ್ದಳು.

ಆಶಾ ಕಾರ್ಯಕರ್ತೆ ಶಮೀಮ ಬಂದಳು. "ಕಾಕಾರಿಗೆ ಊಟ ಸೇರತೈತೇನ್ರಿ? ಬ್ಯಾರೆ ಏನರ ಔಷಧ ತಗೋಳಾಕತ್ತಾರೇನ್ರಿ?"

ಗೌರಕ್ಕ ಹಾಸಿಗೆಯತ್ತ ನೋಡಿದಳು. "ಸೇರತೈತವಾ. ಬ್ಯಾರೆ ಏನೂ ಇಲ್ಲ."

ಗುಳಿಗೆಯೂ ನಡೆಯಿತು, ಬಾಟಲಿಯೂ ನಡೆಯಿತು. ಕಣ್ಣು ಹಳದಿಯಾದವು.

"ವಿಷ ಹೊರಗ ಬೀಳಾಕತ್ತೈತಿ ಚಿಗವ್ವ," ಎಂದ ಬಸವಕಿರಣ. "ಅಂಗಡ್ಯಾವ ಮೊದಲ ಹೇಳಿದ್ದ."

ಒಂದು ಮುಂಜಾನೆ ಗೌರಕ್ಕ ಗಂಜಿ ಹಿಡಿದು ಕುಳಿತಾಗ ಮುರುಗೆಪ್ಪ ಅವಳ ಮುಖವನ್ನೇ ದಿಟ್ಟಿಸಿದ. "ಯಾರವಾ ನೀ? ಯಾರ ಮನ್ಯಾಕಿ?"

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಶಮೀಮ ಕೇಳಿದ್ದನ್ನೇ ಕೇಳಿದರು: ಬೇರೆ ಏನಾದರೂ ಔಷಧ ತಗೊಂಡಿದ್ದರೇ? ಈಗ ಗೌರಕ್ಕ ಎಲ್ಲ ಹೇಳಿದಳು. ಅವರು ಬಾಟಲಿಯನ್ನು ತಿರುಗಿಸಿ ನೋಡಿದರು.

"ಇದರ ಮ್ಯಾಲೆ ಸಂಶೋಧನೆ ನಡದೈತ್ರಿ, ಸುಳ್ಳಲ್ಲ. ಆದ್ರ ಇಲಿಗೆ ಆಗಿದ್ದು ಮನುಷ್ಯಾರಿಗೂ ಆಗತೈತಿ ಅಂತ ಇನ್ನೂ ಖಾತ್ರಿ ಆಗಿಲ್ಲ. ಈ ಬಾಟ್ಲ್ಯಾಗ ಏನೈತಿ ಅಂತ ನನಗೂ ತಿಳಿಯೂದಿಲ್ಲ. ಊಟ ಬಿಟ್ಟ ದಿನಾನ ಬಂದಿದ್ರ..."

ಮುರುಗೆಪ್ಪ ಮನೆಗೆ ತಿರುಗಿ ಬಂದದ್ದು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆಯ ಕೆಳಗೆ.

ಕೆಲವು ವಾರಗಳ ಮೇಲೆ ಬಸವಕಿರಣನಿಗೂ ಕೆಮ್ಮು ಹತ್ತಿತು. ಪರೀಕ್ಷೆಯಲ್ಲಿ ಅದೇ ಬೇನೆ. ಶಮೀಮ ಗುಳಿಗೆ ತಂದುಕೊಟ್ಟರೆ ಅವನು ಕೈ ಹಿಂದಕ್ಕೆ ಎಳೆದ.

"ಬ್ಯಾಡ ಚಿಗವ್ವ. ಕಾಕಾನ್ನ ಗುಳಿಗಿನ ಕೊಂದಾವು."

"ಗುಳಿಗಿ ತ್ರಾಸ ಕೊಟ್ಟಾವು, ಖರೆ. ಕೊಂದಿದ್ದು ನನ್ನ ಬಾಯಿ," ಎಂದಳು ಗೌರಕ್ಕ. "ಶಮೀಮ ಕೇಳಿದಾಗ ಸುಳ್ಳು ಹೇಳಿತು. ನೀ ನುಂಗು. ವಾಂತಿ ಬಂದ್ರ ಹೇಳು. ಉಚ್ಚಿ ಬಣ್ಣ ತಿರುಗಿದ್ರ ಹೇಳು. ನಾಚಿಕಿ ಬಂದ್ರ ಕಾಕಾನ ಸಮಾಧಿ ಮುಂದ ಹೋಗಿ ಕುಂದರು."

ಅವನು ನುಂಗಿದ. ಗೌರಕ್ಕ ದಿನಾ ಅವನನ್ನು ಬೆಳಕಿಗೆ ನಿಲ್ಲಿಸಿ, ರೆಪ್ಪೆ ಎಳೆದು ಕಣ್ಣು ನೋಡುತ್ತಾಳೆ. ಗಂಡನಿಗೆ ಮಾಡದಿದ್ದ ಕೆಲಸ.

ತಾಯಂದಿರೇ, ಅಣ್ಣಂದಿರೇ, ಕ್ಷಯಕ್ಕೆ ಗುಳಿಗೆಯೇ ಮದ್ದು, ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಊಟ ಸೇರದಿದ್ದರೆ, ವಾಂತಿಯಾದರೆ, ಮೂತ್ರ ಕಡಕ್ ಚಹಾದಂತೆ ಕಪ್ಪಗಾದರೆ, ಕಣ್ಣು ಹಳದಿಯಾದರೆ ಅಂದೇ, ಮುಂದಿನ ಗುಳಿಗೆ ನುಂಗುವ ಮುಂಚೆಯೇ, ದವಾಖಾನೆಗೆ ತೋರಿಸಿ. ನಿಲ್ಲಿಸುವುದೋ ಬದಲಿಸುವುದೋ ಅವರು ಹೇಳಲಿ. ಬೇರು ಕುಡಿದಿರಲಿ, ಎಲೆ ಅಗಿದಿರಲಿ, ಬಣ್ಣದ ಬಾಟಲಿ ಕೊಂಡಿರಲಿ, ಕೇಳಿದವರಿಗೆ ಹೆಸರು ಹಿಡಿದು ಹೇಳಿ. ಹೇಳಿದರೆ ಔಷಧ ಹತ್ತದೆಂಬ ಮಾತು ಮುರುಗೆಪ್ಪನೊಂದಿಗೇ ಮಣ್ಣಾಗಲಿ.