ಬೇಸಿಗೆಗೆ ಇಟ್ಟ ಹುಲ್ಲು

ಪರಿಸರ ವಿಜ್ಞಾನವೆಂದರೆ ನಮ್ಮ ಕಾಲೇಜಿನಲ್ಲಿ ಊಟದ ನಂತರದ ಪಾಠ. ಎಲ್ಲರೂ ಪಾಸಾಗಲೇಬೇಕು, ಯಾರೂ ಓದಬೇಕಾಗಿಲ್ಲ. ಬಿ.ಎ., ಬಿ.ಕಾಂ. ಹುಡುಗರನ್ನು ಒಂದೇ ಸಭಾಂಗಣದಲ್ಲಿ ತುಂಬಿ ನನ್ನ ಕೈಗೆ ಮೈಕು ಕೊಡುತ್ತಾರೆ. ಹೊನವಾಡದಿಂದ ಬೆಳಗಿನ ಬಸ್ಸು ಹತ್ತಿ, ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ತಿಕೋಟಾದಲ್ಲಿ ಇಳಿದ ಮೇಲೆ ಸೀಟು ಹಿಡಿದು, ವಿಜಯಪುರ ಮುಟ್ಟುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿರುತ್ತದೆ. ಅತಿಥಿ ಉಪನ್ಯಾಸಕಿ ಎಂಬ ಹೆಸರು ಬೇರೆ. ಅತಿಥಿಗಳಿಗೆ ಚಹಾ ಕೊಡುತ್ತಾರೆ. ನನಗೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಲು ಹೇಳುತ್ತಾರೆ.

ಆ ವಾರ ಜೀವವಲಯಗಳ ಪಾಠವಿತ್ತು. ಗೋಡೆಯ ಮೇಲೆ ಆಫ್ರಿಕದ ಹುಲ್ಲುಗಾವಲು ತೋರಿಸುತ್ತಿದ್ದೆ. ಜಿರಾಫೆ, ಸಿಂಹ, ಮಾಮೂಲಿ ಮಂದಿ. ಅರಕೇರಿಯ ಹುಡುಗಿ ತರನ್ನುಮ ಎದ್ದು ನಿಂತಳು.

"ಮೇಡಂ, ನಮ್ಮ ಕಡೆ ಯಾವುದು ಬರತೈತ್ರಿ? ಕಾಡಂತೂ ಇಲ್ಲ."

"ನಮ್ಮದೂ ಹುಲ್ಲುಗಾವಲನ ನೋಡು. ಮಳಿ ಕಡಿಮಿ ಇದ್ದಲ್ಲಿ ಹುಲ್ಲಿಂದ ರಾಜ್ಯ. ಲಾವಕ್ಕಿ, ನರಿ, ತ್ವಾಳ, ಹುಳಾ ಹುಪ್ಪಡಿ ಎಲ್ಲಾ ಅದನ್ನ ನಂಬಿ ಬದುಕ್ಯಾವು. ನಮ್ಮ ಮಡ್ಡಿ ಅಂದ್ರ ಅದ."

"ಮಡ್ಡಿ ಅಂದ್ರ ಬಂಜರಲ್ಲೇನ್ರಿ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕು ಮುಂದಿನ ಚಿತ್ರಕ್ಕೆ ಹೋದೆ. ದಿನವೂ ವಾದ ಮಾಡುವ ಶಕ್ತಿ ನನಗಿಲ್ಲ.

ನಾನು ಕುರುಬರ ಮನೆಯವಳು. ಊರಿನ ಹೊರಗೆ ಕಲ್ಲು ಮಡ್ಡಿಯ ಇಳಿಜಾರೊಂದಿದೆ. ಮುಂಗಾರಿಗೆ ಹುಲ್ಲು ಚಿಗುರಿದಾಗಿನಿಂದ ದೀಪಾವಳಿ ಕಳೆದು ಬೀಜ ಉದುರುವವರೆಗೆ ಅಲ್ಲಿಗೆ ಕುರಿ ಬಿಡಬಾರದೆಂದು ಕುರಿಗಾರರ ನಡುವೆ ಹಿಂದಿನಿಂದಲೂ ಒಂದು ಮಾತಿದೆ. ಬೇಲಿಯಿಲ್ಲ, ಬೋರ್ಡಿಲ್ಲ, ಬರೀ ಮಾತು. ಉಳಿದವರೆಲ್ಲ ದ್ರಾಕ್ಷಿಗೆ ಬಿದ್ದು, ಆ ದಿಕ್ಕಿನಲ್ಲಿ ಈಗ ಕುರಿ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಆದರೂ ನಮ್ಮಪ್ಪ ಬೀರಣ್ಣ ಮಾತು ಮುರಿದಿಲ್ಲ. ಮಳೆಗಾಲವಿಡೀ ಆ ಹುಲ್ಲಿನ ಮಗ್ಗುಲಲ್ಲೇ ಹಾದು ದೂರದ ಹಳ್ಳದ ದಂಡೆಗೆ ಕುರಿ ಹೊಡೆದುಕೊಂಡು ಹೋಗುತ್ತಾನೆ. ಬೇಸಿಗೆಯಲ್ಲಿ ಕುರಿಗಳ ಹೊಟ್ಟೆಗೆ ಅದೇ ಹುಲ್ಲು. ಅದಿಲ್ಲದಿದ್ದರೆ ಕುರಿ ಮಾರಬೇಕು, ಅಷ್ಟೇ.

ನಮ್ಮ ಪ್ರಿನ್ಸಿಪಾಲರಾದ ಅಂಬಾದಾಸ ಸರ್ ಕೆಟ್ಟವರಲ್ಲ. ಗಿಡವೆಂದರೆ ಪ್ರಾಣ ಬಿಡುತ್ತಾರೆ. ಹೊನವಾಡದ ಕಡೆ ಮದುವೆಗೆ ಬಂದಾಗ ಕಾರಿನಿಂದ ಆ ಇಳಿಜಾರು ನೋಡಿದ್ದಾರೆ. ಮೊಣಕಾಲೆತ್ತರ ಹುಲ್ಲು, ಒಂದು ಆಡಿಲ್ಲ, ಒಬ್ಬ ಮನುಷ್ಯನಿಲ್ಲ. ಯಾರಿಗೂ ಬೇಡದ ಜಾಗವೆಂದುಕೊಂಡರು. ಜಾಗ ಸರಕಾರದ್ದು; ಗಿಡ ನೆಡಲು ಮೇಲಿನವರ ಒಪ್ಪಿಗೆ ತಂದರು, ಸಸಿ ತರಿಸಿದರು, ಸುತ್ತ ತಂತಿ ಬೇಲಿ ಹಾಕಿಸಲು ದಾನಿಗಳನ್ನೂ ಹಿಡಿದರು. ಉಸ್ತುವಾರಿ ಯಾರದು? ಪರಿಸರದ ಮೇಡಂದು.

ಅದು ನಮ್ಮ ಕುರಿಗಳ ಹುಲ್ಲೆಂದು ಹೇಳಬೇಕೆಂದೇ ಅವರ ಚೇಂಬರಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಸುಧಾರಾಣಿ ಮೇಡಂ, ಈ ಕಾರ್ಯಕ್ರಮ ಚಲೋ ಆತಂದ್ರ ನಿಮ್ಮನ್ನ ಮುಂದಿನ ವರ್ಷನೂ ಇಟ್ಕೊಳ್ರಿ ಅಂತ ಮ್ಯಾನೇಜ್ಮೆಂಟಿಗೆ ನಾನ ಹೇಳತೇನ್ರಿ" ಎಂದರು. ಥ್ಯಾಂಕ್ಸ್ ಹೇಳಿ ಬಂದೆ. ಮನೆಯಲ್ಲೂ ಬಾಯಿ ಬಿಡಲಿಲ್ಲ. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಅವ್ವ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಭಾನುವಾರ ಎರಡು ಬಸ್ಸಿನಲ್ಲಿ ಹುಡುಗರು ಬಂದಿಳಿದರು. ಅಷ್ಟರೊಳಗೆ ಜೆಸಿಬಿ ಒಂದು ಸಾಲು ಗುಂಡಿ ತೋಡಿ, ಹುಲ್ಲನ್ನು ಬೇರುಸಮೇತ ಕಿತ್ತು ಗುಡ್ಡೆ ಹಾಕಿತ್ತು. ತೆನೆ ಇನ್ನೂ ಹಸಿರಾಗಿತ್ತು. ಆಗಲೇ ಅಪ್ಪ ಹೆಗಲ ಮೇಲೆ ಹಾರೆ ಇಟ್ಟುಕೊಂಡು ಬಂದ. ಊರಲ್ಲಿ ಸುದ್ದಿ ಮುಚ್ಚಿಡಲಾಗುತ್ತದೆಯೇ. ಕುರಿಗಳನ್ನು ಅವ್ವನಿಗೆ ಒಪ್ಪಿಸಿ, ಒಗೆದ ಪಟಗ ತಲೆಗೆ ಸುತ್ತಿಕೊಂಡು ಬಂದಿದ್ದ.

ಜಗಳಕ್ಕೇ ಬಂದನೆಂದುಕೊಂಡೆ. ಹಾಗೇ ಆಗಲಿ ಎಂದೂ ಅನ್ನಿಸಿತು. ಅವನು ಜಗಳವಾಡಿದರೆ ನಾನು ಸುಮ್ಮನಿರಬಹುದಿತ್ತು. ಆದರೆ ಅವನು ಗುಂಡಿಯಲ್ಲಿ ಉಳಿದ ಕಲ್ಲುಗಳನ್ನು ಎಬ್ಬಿಸತೊಡಗಿದ.

"ಯಪ್ಪಾ, ನೀ ಯಾಕ ಬಂದಿ?"

"ಮಗಳ ಕೆಲಸ ಐತಿ ಅಂದ್ರು. ಬರಬಾರದೇನ ಬೇ?"

ಅಂಬಾದಾಸ ಸರ್ ಭಾಷಣ ಮಾಡಿದರು. ಖಾಲಿ ಬಿದ್ದ ನೆಲಕ್ಕೆ ಇಂದು ಜೀವ ಬರುತ್ತಿದೆ ಎಂದಾಗ ಚಪ್ಪಾಳೆ ಬಿತ್ತು. ತರನ್ನುಮ ಸಸಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ಮೇಡಂ, ನೀವು ಹೇಳಿದ ಹುಲ್ಲುಗಾವಲ ಇದ ಅಲ್ಲೇನ್ರಿ? ಗಿಡ ಬೆಳದು ನೆಳ್ಳ ಬಿದ್ರ ಹುಲ್ಲ ಏನಾಗತೈತ್ರಿ?"

ಪಾಠ ಹೇಳುವುದರ ಕಷ್ಟವೇ ಇದು. ಯಾರೋ ಒಬ್ಬರು ಕೇಳಿಸಿಕೊಂಡಿರುತ್ತಾರೆ.

"ಸಾಯತೈತಿ" ಎಂದೆ. ಆಮೇಲೆ ನನ್ನನ್ನು ತಡೆದುಕೊಳ್ಳಲಾಗಲಿಲ್ಲ. ನೇರ ಹೋಗಿ ಸರ್ ಮುಂದೆ ನಿಂತೆ.

"ಸರ್, ಇದು ಖಾಲಿ ಜಾಗ ಅಲ್ರಿ. ಬ್ಯಾಸಿಗಿಗಂತ ಕಾಯ್ದಿಟ್ಟ ಹುಲ್ಲ. ಈಗ ಕುರಿ ಬಿಡೂದಿಲ್ಲ, ಅದಕ್ಕ ಹಿಂಗ ಕಾಣತೈತ್ರಿ. ಗಿಡ ಬೇಕಾದ್ರ ರಸ್ತಾ ದಂಡಿಗೆ ಹಚ್ಚೂಣು. ಇವರನ್ನ ಕೇಳ್ರಿ, ಇವರು ನಮ್ಮಪ್ಪ."

ಸರ್ ಮುಖ ಕೆಂಪಾಯಿತು. "ಇಷ್ಟ ದಿನ ಏನ ಮಾಡಾಕತ್ತಿದ್ರಿ ಮೇಡಂ? ಮುಂದಿನ ವರ್ಷದ ಕೆಲಸಕ್ಕ ನಿಮ್ಮ ಹೆಸರ ಮ್ಯಾನೇಜ್ಮೆಂಟಿಗೆ ಕಳಿಸೇನಿ. ಈಗ ಅವರಿಗೆ ಏನಂತ ಹೇಳಲಿ?" ಅಪ್ಪನ ಕಡೆ ತಿರುಗಿದರು. "ಹೌದೇನ್ರಿ ಯಜಮಾನ್ರ? ನೀವು ಹೌದಂದ್ರ ನಾ ಈಗ ನಿಲ್ಲಸತೇನಿ."

ಒಂದೇ ಮಾತು ಸಾಕಿತ್ತು. ಅಪ್ಪ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಕೈಗೆ ಹತ್ತಿದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ.

"ಇಲ್ರಿ ಸಾಹೇಬ್ರ. ಆಕಿಗೆ ಗೊತ್ತಿಲ್ಲ. ಕುರಿ ಮಾರಬೇಕಂತ ಮಾಡೇವಿ. ಈ ಹುಲ್ಲ ನಮಗ ಬೇಕಿಲ್ಲ. ನೀವು ಹಚ್ಚ್ರಿ."

ಕುರಿ ಮಾರುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಆಡಿರಲಿಲ್ಲ. ಆ ಗಳಿಗೆಯವರೆಗೆ ಅಪ್ಪನಿಗೂ ಅದು ಗೊತ್ತಿರಲಿಲ್ಲ.

ಸರ್ ನಿರಾಳವಾಗಿ ಉಸಿರು ಬಿಟ್ಟು, ಫೋಟೋ ತೆಗೆಯುವವನನ್ನು ಕರೆದರು. ನಾನು ಅಪ್ಪನ ಹತ್ತಿರ ಹೋದೆ.

"ಯಪ್ಪಾ, ಯಾಕ ಸುಳ್ಳ ಹೇಳಿದಿ?" ಎಂದು ಕೇಳುವಾಗ ಅಳು ಬಂದುಬಿಟ್ಟಿತು.

"ನಿನಗ ಕುರಿ ಕಾಯಾಕ ಬರೂದಿಲ್ಲ ಬೇ" ಎಂದ ಅಪ್ಪ, ಮೆಲ್ಲಗೆ. "ನಿನಗ ಬರೂದು ಈ ಪಾಠ ಹೇಳೂದೊಂದ."

ಪಕ್ಕದಲ್ಲಿದ್ದ ಸಸಿ ಎತ್ತಿ ಗುಂಡಿಗಿಳಿಸಿದ. ಮಣ್ಣು ಎಳೆದು ಕಾಲಿನಿಂದ ಗಟ್ಟಿಯಾಗಿ ತುಳಿದ.

"ಕಣ್ಣ ಒರಸ್ಕೊ. ಹುಡುಗ್ರು ನೋಡಾಕತ್ತಾರ."