ಪ್ರೊಸೆಸರಿಗಾಗಿ ಮಾತು ಬಿಟ್ಟವರು

ಜನ ಆಸ್ತಿಗೆ ಜಗಳವಾಡುತ್ತಾರೆ, ಬೇಲಿಗೆ ಜಗಳವಾಡುತ್ತಾರೆ. ಕಾಪುವಿನ ಎಡ್ಮಂಡ್ ಮತ್ತು ಅವರ ಹೆಂಡತಿಯ ತಮ್ಮ ಕಜೆಟನ್ ಮಾತು ಬಿಟ್ಟದ್ದು ಮಾತ್ರ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಎಂಬ ಉಗುರಿನಷ್ಟು ವಸ್ತುವಿಗೆ! ಉಡುಪಿಯ ಕಡಿಯಾಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಕಜೆಟನ್, "ಭಾವೋಜಿ, ಇಂಟೆಲ್‌ನದ್ದೇ ತೆಗೊಳ್ಳಿ" ಎಂದು ಬಡಿದುಕೊಂಡಿದ್ದ. ಎಡ್ಮಂಡ್ ಮಣಿಪಾಲಕ್ಕೆ ಹೋಗಿ ಅದರ ಎದುರಾಳಿ ಕಂಪನಿ ಎಎಂಡಿಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ತಂದರು. "ಹಾಗಾದರೆ ನನ್ನ ಮಾತಿಗೆ ಬೆಲೆಯೇ ಇಲ್ಲ ಅಲ್ವಾ? ಇನ್ನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ" ಎಂದುಬಿಟ್ಟ ಕಜೆಟನ್.

ಇಬ್ಬರ ನಡುವೆ ಸಿಕ್ಕಿ ನಲುಗಿದವಳು ಎಡ್ಮಂಡರ ಹೆಂಡತಿ ಜೆರ್ಟ್ರೂಡ್. ಶನಿವಾರ ಮಗಳ ರೋಸ್. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಆ ಶಾಸ್ತ್ರಕ್ಕೆ ಸೋದರಮಾವನೇ ಇಲ್ಲದಿದ್ದರೆ ನೆಂಟರ ಮುಂದೆ ಮುಖ ಎತ್ತುವುದು ಹೇಗೆ? ನೆಂಟರು ಹಾಳಾಗಿಹೋಗಲಿ, ಅವಳಿಗೇ ತಮ್ಮ ಬೇಕಿತ್ತು.

ಇತ್ತ ಹೊಸ ಲ್ಯಾಪ್‌ಟಾಪ್ ಆಮೆಗಿಂತ ಕಡೆ. ಆನ್ ಮಾಡಿಟ್ಟು ಎಡ್ಮಂಡ್ ಸ್ನಾನ ಮುಗಿಸಿ ಬಂದರೂ ಪರದೆಯ ಮೇಲೆ ನೀಲಿ ಉಂಗುರ ತಿರುಗುತ್ತಲೇ ಇರುತ್ತಿತ್ತು. "ಎಂತ ಆಯಿತು?" ಎಂದು ಜೆರ್ಟ್ರೂಡ್ ಕೇಳಿದರೆ, "ಎಂತ ಇಲ್ಲ, ಫಸ್ಟ್ ಕ್ಲಾಸ್ ಉಂಟು" ಎಂದು ಗೊಣಗುವರು. ಸೋತೆ ಎನ್ನಲು ಆ ಮನುಷ್ಯನಿಗೆ ನಾಲಿಗೆ ಹೊರಳುವುದಿಲ್ಲ.

ಜೆರ್ಟ್ರೂಡ್‌ಗೆ ತಲೆ ಕೆಟ್ಟಿತು. ಬುಧವಾರ ಗಂಡ ಪ್ರಾರ್ಥನೆಗೆಂದು ಇಗರ್ಜಿಗೆ ಹೋದದ್ದೇ ತಡ, ಲ್ಯಾಪ್‌ಟಾಪನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಉಡುಪಿ ಬಸ್ಸು ಹತ್ತಿದಳು. ತಮ್ಮ ಹಂಗಿಸಲಿ, ನಗಲಿ. ರಿಪೇರಿಯ ನೆಪದಲ್ಲಾದರೂ ಭಾವನ ಹೆಸರು ಅವನ ಬಾಯಲ್ಲಿ ಬರಲಿ.

ಅಂಗಡಿಯಲ್ಲಿ ಕಜೆಟನ್ ತನ್ನ ಹೊಸ ಇಂಟೆಲ್ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತಿದ್ದ. ಅಲ್ಲೂ ಅದೇ ನೀಲಿ ಉಂಗುರ, ಅದೇ ತಿರುಗಾಟ!

"ಅಯ್ಯೋ, ನಿನ್ನದೂ ಹೀಗೆಯಾ ಮಾರಾಯ?" ಎಂದು ಜೆರ್ಟ್ರೂಡ್ ಚೀಲದಿಂದ ಗಂಡನ ಲ್ಯಾಪ್‌ಟಾಪ್ ಹೊರತೆಗೆದಳು.

ಕಜೆಟನ್ ಕಿವಿಯವರೆಗೆ ಕೆಂಪಾದ. "ಇದು ಪ್ರೊಸೆಸರಿನ ತಪ್ಪಲ್ಲ ಅಕ್ಕ. ಒಳಗೆ ತುಂಬಿಸಿಕೊಟ್ಟ ಹೊಸ ಸಿಸ್ಟಮ್ ಉಂಟಲ್ಲ, ಅದರದ್ದು. ಕೇಳದೆಯೇ ಪರದೆಯ ಮೇಲೆ ಗಡಿಯಾರ, ಹವಾಮಾನ, ಗಾಜಿನಂಥ ಕಿಟಕಿ, ಎಲ್ಲ ಹೇರಿದ್ದಾರೆ. ಇದ್ದ ಮೆಮೊರಿಯನ್ನೆಲ್ಲ ಅದೇ ನುಂಗುತ್ತದೆ. ಯಾವ ಎತ್ತು ಕಟ್ಟಿದರೂ ಈ ಗಾಡಿ ಏಳುವುದಿಲ್ಲ."

"ಹಾಗಾದರೆ ನನಗೆ ಯಾಕೆ ಹೇಳುವುದು? ನಿನ್ನ ಭಾವನಿಗೆ ಹೇಳು!" ಜೆರ್ಟ್ರೂಡ್ ಗಂಡನ ಮೊಬೈಲಿಗೆ ಫೋನ್ ಹಚ್ಚಿ ತಮ್ಮನ ಕೈಗೆ ತುರುಕಿದಳು.

ಕಜೆಟನ್ ಗಂಟಲು ಸರಿಮಾಡಿಕೊಂಡ. "ಭಾವೋಜಿ... ಪರದೆಯ ಬಲಬದಿಯ ಆ ಗಡಿಯಾರವನ್ನು ತೆಗೆದು ಬಿಸಾಡಿದಿರಾ?"

ಆಚೆಯಿಂದ ಎಡ್ಮಂಡರ ಗುಡುಗು ಜೆರ್ಟ್ರೂಡ್‌ಗೂ ಕೇಳಿಸಿತು. "ಗಡಿಯಾರ ಬಿಡು ಮಾರಾಯ! ಏನು ಮುಟ್ಟಿದರೂ 'ಮಾಡಲಾ, ಬೇಡವಾ' ಅಂತ ಅನುಮತಿ ಕೇಳುತ್ತದೆ. ನಿನ್ನ ಅಕ್ಕ ಸಹ ನನ್ನನ್ನು ಅಷ್ಟು ಕೇಳುವುದಿಲ್ಲ!"

ಕಜೆಟನ್ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಕೇಳಬೇಕೆ! ಇಬ್ಬರೂ ಸೇರಿ ಆ ಸಿಸ್ಟಮಿನ ಜನ್ಮ ಜಾಲಾಡಿದರು. ಬೈಗುಳ ಇಷ್ಟು ಹಿತವಾಗಿರುತ್ತದೆಂದು ಜೆರ್ಟ್ರೂಡ್‌ಗೆ ಗೊತ್ತಿರಲಿಲ್ಲ.

"ಅಕ್ಕ ನಿಮ್ಮದನ್ನು ಇಲ್ಲಿಗೆ ತಂದಿದ್ದಾಳೆ. ಹಳೆಯ ಸಿಸ್ಟಮ್ಮನ್ನೇ ಹಾಕಿ ಅಕ್ಕನ ಕೈಯಲ್ಲಿ ಕಳಿಸುತ್ತೇನೆ ಭಾವೋಜಿ."

ಅಕ್ಕನ ಕೈಯಲ್ಲಿ! ಜೆರ್ಟ್ರೂಡ್ ತಮ್ಮನ ಮುಖ ನೋಡಿದಳು. ಹಾಗಾದರೆ ಇವನು ಬರುವುದಿಲ್ಲವೇ?

"ಲ್ಯಾಪ್‌ಟಾಪ್ ಸಾಯಲಿ," ಎಂದರು ಎಡ್ಮಂಡ್. ದನಿ ತಗ್ಗಿತ್ತು. "ನೀನು ಶುಕ್ರವಾರವೇ ಬಾ. ರೋಸ್‌ಗೆ ಕಾಯಿ ತುರಿಯಲಿಕ್ಕೆ ಮನೆಯಲ್ಲಿ ಗಂಡಸರು ಬೇರೆ ಯಾರುಂಟು?"

ಕಜೆಟನ್ ಅಕ್ಕನಿಗೆ ಬೆನ್ನು ತಿರುಗಿಸಿ ನಿಂತು, "ಎಷ್ಟು ಕಾಯಿ ಭಾವೋಜಿ?" ಎಂದು ಕೇಳಿದ. ಜೆರ್ಟ್ರೂಡ್ ಅಲ್ಲೇ ಸ್ಟೂಲಿನ ಮೇಲೆ ಕೂತು, ಗಿರಾಕಿ ಬಂದರೂ ಲೆಕ್ಕಿಸದೆ, ಸಂತೋಷಕ್ಕೆ ಗಳಗಳನೆ ಅತ್ತುಬಿಟ್ಟಳು.