ಕಂಬಕ್ಕೆ ಕಟ್ಟಿದ ಕೂಸು

ನಾನು ಜಯಲಕ್ಷ್ಮಮ್ಮ, ಹುಣಸೂರಿನ ಪಕ್ಕದ ಹಳ್ಳಿಯೊಂದರ ಅಂಗನವಾಡಿ ಟೀಚರು. ೨೦೦೩ರ ಆಗಸ್ಟಿನಲ್ಲಿ ನನ್ನ ಕೈಗೊಂದು ಸರ್ವೆ ಫಾರಂ ಬಂತು. ಒಂದು ವರ್ಷದಲ್ಲಿ ಯಾವ ಮನೆಯ ಮಕ್ಕಳಿಗೆ ಏನೇನು ಪೆಟ್ಟಾಗಿದೆ ಎಂದು ಕೇಳಿ ಬರೆದುಕೊಳ್ಳಬೇಕಿತ್ತು.

ಯಾರನ್ನು ಕೇಳಿದರೂ "ನಮ್ಮನೇಲಿ ಏನೂ ಇಲ್ಲ ಕಣ್ರವ್ವ" ಎನ್ನುವವರೇ. ಅಷ್ಟರಲ್ಲಿ ತೊಡೆ ಸುಟ್ಟದ್ದೊಂದು, ಮೊಣಕೈ ಮುರಿದದ್ದೊಂದು ಒಳಗಿಂದ ಓಡಿ ಬರುತ್ತಿತ್ತು. ಇದೇನು ಎಂದರೆ, "ಅಯ್ಯೋ, ಮಕ್ಳು ಅಂದ್ಮೇಲೆ ಬೀಳಕ್ಕಿಲ್ವಾ?" ತೊಂಬತ್ತು ಮನೆಗೆ ಪೆಟ್ಟಾದ ಮಕ್ಕಳೇ ಇಪ್ಪತ್ತಾರು. ಹೆಚ್ಚಿನವು ಐದು ವರ್ಷ ದಾಟದವು, ಅವುಗಳ ತಾಯಂದಿರೆಲ್ಲ ಹೊಗೆಸೊಪ್ಪಿನ ಕೆಲಸದವರು. ಇದನ್ನೆಲ್ಲ ನಾನೇ ಬರೆದಿದ್ದೆ. ಬರೆದದ್ದನ್ನು ಓದಿಕೊಳ್ಳುವ ಬುದ್ಧಿ ಮಾತ್ರ ನನಗಿರಲಿಲ್ಲ.

ಧರ್ಮೇಂದ್ರನ ಬ್ಯಾರನ್, ಅಂದರೆ ಒಲೆ ಉರಿಸಿ ಹೊಗೆಸೊಪ್ಪು ಒಣಗಿಸುವ ಮನೆಯ ಹತ್ತಿರ ಹೋದಾಗ ಅವನ ಹೆಂಡತಿ ಶಾಂತಲಾ ಚಪ್ಪರದ ಕೆಳಗೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಎರಡು ವರ್ಷದ ಮಗಳು ಹರ್ಷಿತಾಳ ಸೊಂಟಕ್ಕೆ ಹಳೇ ಸೀರೆಯ ಪಟ್ಟಿ, ಅದರ ಇನ್ನೊಂದು ತುದಿ ಚಪ್ಪರದ ಕಂಬಕ್ಕೆ. ಮಗು ಪುಟ್ಟ ಬೆರಳುಗಳಲ್ಲಿ ಗಂಟು ಕೀಳುತ್ತ ಕೂತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನೇ ಇದು? ಮಗುವೋ ಕರುವೋ?"

"ಒಲೆ ಉರೀತಾ ಅದೆ ಟೀಚರಮ್ಮ. ಬುಟ್ರೆ ನೆಟ್ಟಗೆ ಅಲ್ಲಿಗೇ ಓಯ್ತದೆ. ಸೊಪ್ಪು ಮುಗುದೇಟ್ಗೆ ಬಿಚ್ತೀನಿ."

ಸುತ್ತ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಶಾಂತಲಾಳ ಅತ್ತೆ ಮಲ್ಲಾಜಮ್ಮ ಸಿಕ್ಕಿದ್ದೇ ಸಮಯವೆಂದು, "ನೀವಾದ್ರೂ ಬುದ್ದಿ ಏಳಿ ಟೀಚರಮ್ಮ. ನಾವೇನು ಮಕ್ಳ ಸಾಕಿಲ್ವಾ? ಇಂಗೆ ಕಟ್ಟಾಕಿದ್ವಾ?" ಎಂದಳು. ಎಲ್ಲರೂ ನೋಡುತ್ತಿದ್ದರಲ್ಲ, ನನಗೆ ಇನ್ನಷ್ಟು ಹುರುಪು ಬಂತು. "ಈಗಲೇ ಬಿಚ್ಚು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಮಗೂಗೆ ಅಂಗನವಾಡಿ ಹಿಟ್ಟಿಲ್ಲ" ಎಂದೆ.

ಶಾಂತಲಾ ಬಿಚ್ಚಿದಳು. ಪಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ನಾನು ಅದನ್ನೂ ಕಸಿದು ಒಲೆಗೆ ಎಸೆದೆ.

ನಾಲ್ಕನೇ ದಿನ ಬ್ಯಾರನ್ನಿನ ಕಾವು ಮಿತಿಮೀರಿತೆಂದು ಧರ್ಮೇಂದ್ರ ಒಲೆಯ ಕೆಂಡವನ್ನು ಹೊರಗೆಳೆದು ಹಾಕಿದ. ಸ್ವಲ್ಪ ಹೊತ್ತಿಗೆ ಅದರ ಮೇಲೆ ಬೂದಿ ಕೂತು ಬೆಳ್ಳಗೆ, ಮೆತ್ತಗೆ ಕಾಣತೊಡಗಿತು. ಹರ್ಷಿತಾ ಆಟದ ಮಣ್ಣೆಂದುಕೊಂಡು ಎರಡೂ ಕೈ ಊರಿದಳು. ಆಗ ಶಾಂತಲಾಳ ಕೈಯಲ್ಲಿ ಅರ್ಧ ಕಟ್ಟಿದ ಕಡ್ಡಿಯಿತ್ತು.

ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಕಳೆದು ಮನೆಗೆ ಬಂದಾಗ ಮಗುವಿನ ಬೆರಳುಗಳು ಒಂದಕ್ಕೊಂದು ಅಂಟಿ ಅಂಗೈಗೆ ಮಡಚಿಕೊಂಡಿದ್ದವು. ಫಾರಂ ಇನ್ನೂ ಕಳಿಸಿರಲಿಲ್ಲ, ಹಾಗಾಗಿ ಹೋದೆ. "ಎತ್ತೋಳಿಗೆ ಕಣ್ಣು ಬ್ಯಾಡ್ವಾ?" ಎಂದು ಮಲ್ಲಾಜಮ್ಮ ನನ್ನೆದುರೇ ಸೊಸೆಯನ್ನು ಬೈದಳು. ಕೊನೆಯ ಕಾಲಮ್ಮಿನಲ್ಲಿ ಅವಘಡಕ್ಕೆ ಕಾರಣ ಕೇಳಿದ್ದರು. 'ತಾಯಿಯ ನಿರ್ಲಕ್ಷ್ಯ' ಎಂದು ಬರೆದೆ. ನಿಜ ಬರೆದರೆ ನನ್ನ ಕೆಲಸ ಹೋಗುತ್ತಿತ್ತು. ನಾಚಿಕೆಯಾಯಿತು, ಆದರೂ ಬರೆದೆ.

ಶಾಂತಲಾ ತಲೆಯೆತ್ತದೆ ಸೊಪ್ಪು ಕಟ್ಟುತ್ತಿದ್ದಳು. ಹರ್ಷಿತಾ ಮತ್ತೆ ಅದೇ ಕಂಬದ ಬುಡದಲ್ಲಿ, ಸೊಂಟಕ್ಕೆ ಬೇರೊಂದು ಸೀರೆಯ ಪಟ್ಟಿ. ನಾನು ಅದನ್ನೇ ನೋಡುತ್ತಿರುವುದು ಅವಳಿಗೆ ತಿಳಿಯಿತು.

"ಬಯ್ಬೇಡಿ ಟೀಚರಮ್ಮ" ಎಂದಳು. "ಆಗೆಲ್ಲ ಬಿಗ್ಯಾಗಿ ಕಟ್ತಿದ್ದೆ, ಬಿಚ್ಕತಾಳೆ ಅಂತ. ಈಗ ಸುಮ್ನೆ ಒಂದು ಸುತ್ತು ಸುತ್ತುದ್ರೂ ಸಾಕು."